ಒಂದೇ ತಾರೀಖಿಗೆ ಇಷ್ಟೊಂದು ದೇಶಗಳ ಹಬ್ಬ ಯಾಕೆ?

ಪ್ರಶ್ನೆ: ಪ್ರತಿ ವರ್ಷ ಆಗಸ್ಟ್ 15 ಹತ್ತಿರ ಬಂತೆಂದರೆ ಒಂದು ಮೆಸೇಜ್ ಎಲ್ಲ ಗ್ರೂಪಿಗೂ ಬರುತ್ತದೆ. ಅಂದು ಭಾರತದ ಜೊತೆಗೆ ದಕ್ಷಿಣ ಕೊರಿಯಾ, ಉತ್ತರ ಕೊರಿಯಾ, ಕಾಂಗೊ, ಬಹ್ರೇನ್, ಲಿಕ್ಟೆನ್‌ಸ್ಟೈನ್ ದೇಶಗಳಿಗೂ ಸ್ವಾತಂತ್ರ್ಯ ದಿನ ಅಂತ. ಇದು ನಿಜವಾ? ಇವುಗಳ ನಡುವೆ ಏನಾದರೂ ಸಂಬಂಧ ಇದೆಯಾ, ಇಲ್ಲ ಸುಮ್ನೆ ಕಾಕತಾಳೀಯವಾ? ಬೇರೆ ತಾರೀಖುಗಳಲ್ಲೂ ಹೀಗೆ ಆಗಿದೆಯಾ? ಒಂದು ದೇಶ ತನ್ನ ರಾಷ್ಟ್ರೀಯ ದಿನವನ್ನು ಬದಲಾಯಿಸಬಹುದಾ?

ಉತ್ತರ: ಮೆಸೇಜ್ ಅರ್ಧ ನಿಜ. ಭಾರತಕ್ಕೂ ಎರಡು ಕೊರಿಯಾಗಳಿಗೂ ಗಟ್ಟಿಯಾದ ಸಂಬಂಧ ಇದೆ. ಕಾಂಗೊ ಆ ಪಟ್ಟಿಗೆ ಸೇರಿದ್ದು ಬೇರೆಯೇ ದಾರಿಯಲ್ಲಿ. ಲಿಕ್ಟೆನ್‌ಸ್ಟೈನ್‌ನದು ಸ್ವಾತಂತ್ರ್ಯ ದಿನವೇ ಅಲ್ಲ. ಬಹ್ರೇನ್ ಅಂದು ರಾಷ್ಟ್ರೀಯ ದಿನ ಆಚರಿಸುವುದೇ ಇಲ್ಲ.

ಇಂಥ ಪಟ್ಟಿ ಕಂಡಾಗ ನಾನು ಮೊದಲು ನೋಡುವುದು ಒಂದೇ ವಿಷಯ. ಆ ದಿನವನ್ನು ಆರಿಸಿದವರು ಯಾರು, ಆರಿಸುವಾಗ ಆ ತಾರೀಖಿಗೆ ಆಗಲೇ ಏನಿತ್ತು? ರಾಷ್ಟ್ರೀಯ ದಿನ ತಾನಾಗಿ ಹುಟ್ಟುವುದು ಅಪರೂಪ. ಒಬ್ಬ ವ್ಯಕ್ತಿ, ಒಂದು ಸಭೆ ಅಥವಾ ಒಂದು ಕಾನೂನು ಅದನ್ನು ಆರಿಸಿರುತ್ತದೆ. ಆರಿಸಿದ ಕಾರಣ ಗೊತ್ತಾದರೆ ಸಂಬಂಧ ಇದೆಯೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಆಗಸ್ಟ್ 15ನ್ನೇ ತೆಗೆದುಕೊಳ್ಳೋಣ. 1945ರಲ್ಲಿ ಆ ದಿನ ಮಧ್ಯಾಹ್ನ 12 ಗಂಟೆಗೆ ಜಪಾನ್ ಚಕ್ರವರ್ತಿ ಹಿರೋಹಿತೊ ಅವರ ಧ್ವನಿ ರೇಡಿಯೊದಲ್ಲಿ ಬಂತು. ಜಪಾನ್ ಶರಣಾಗುತ್ತಿದೆ ಅನ್ನುವುದೇ ಅದರ ಸಾರ. 1910ರಿಂದ ಜಪಾನಿನ ಕೈಯಲ್ಲಿದ್ದ ಕೊರಿಯಾಗೆ ಅದು ಬಿಡುಗಡೆಯ ದಿನವಾಯಿತು. ಆಮೇಲೆ ದೇಶ ಎರಡು ಹೋಳಾಯಿತು, ಯುದ್ಧವೂ ನಡೆಯಿತು. ಆದರೂ ಎರಡೂ ಕಡೆ ಆಗಸ್ಟ್ 15 ರಜಾದಿನವಾಗಿ ಉಳಿದಿದೆ. ದಕ್ಷಿಣ ಕೊರಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1948ರಲ್ಲಿ ತನ್ನ ಹೊಸ ಸರ್ಕಾರದ ಸ್ಥಾಪನೆಯನ್ನು ಸಾರಲು ಬೇಕೆಂತಲೇ ಅದೇ ದಿನವನ್ನು ಆರಿಸಿತು. ಹೀಗಾಗಿ ಅವರಿಗೆ ಒಂದೇ ತಾರೀಖಿಗೆ ಎರಡು ನೆನಪು. ಇವುಗಳಲ್ಲಿ ಯಾವುದನ್ನು ದೇಶದ ಹುಟ್ಟು ಅಂತ ಕರೆಯಬೇಕು ಅನ್ನುವ ವಾದ ಅಲ್ಲಿ ಇನ್ನೂ ನಡೆಯುತ್ತಿದೆ.

ಭಾರತದ ಕೊಂಡಿ ಲಾರ್ಡ್ ಮೌಂಟ್‌ಬ್ಯಾಟನ್ ಅವರ ಮೂಲಕ ಬಂತು. ಯುದ್ಧದ ಸಮಯದಲ್ಲಿ ಅವರು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕ. ಸಿಂಗಾಪುರದಲ್ಲಿ 1945ರ ಸೆಪ್ಟೆಂಬರ್ 12ರಂದು ಜಪಾನಿ ಪಡೆಗಳ ಶರಣಾಗತಿ ಪಡೆದವರೂ ಅವರೇ. ಬ್ರಿಟನ್ ಪ್ರಧಾನಿ ಅಟ್ಲೀ ಭಾರತ ಬಿಡಲು ಹಾಕಿಕೊಂಡಿದ್ದ ಗಡುವು 1948ರ ಜೂನ್. ಆದರೆ ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ 1947ರ ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ಆಗಸ್ಟ್ 15ರ ಮಾತೆತ್ತಿದರು. ಅಂದರೆ ಎರಡೂವರೆ ತಿಂಗಳೂ ಉಳಿದಿರಲಿಲ್ಲ. ಜಪಾನ್ ಶರಣಾದ ಎರಡನೇ ವರ್ಷದ ದಿನ ಅನ್ನುವ ಕಾರಣಕ್ಕೆ ಅದನ್ನು ಆರಿಸಿದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಜುಲೈ 18ರಂದು ಬ್ರಿಟನ್ ರಾಜರ ಒಪ್ಪಿಗೆ ಪಡೆದ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಆ ತಾರೀಖೇ ಅಚ್ಚಾಯಿತು. ಇಷ್ಟು ದೊಡ್ಡ ದೇಶದ ಬಿಡುಗಡೆಯ ದಿನ ಒಬ್ಬ ಸೇನಾನಿಯ ನೆನಪಿನಿಂದ ನಿಗದಿಯಾಯಿತು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆ ಅವಸರಕ್ಕೆ ಜನ ತೆತ್ತ ಬೆಲೆ ಸಣ್ಣದಲ್ಲ.

ಅದೇ ಕಾಯ್ದೆಯಲ್ಲಿ ಪಾಕಿಸ್ತಾನಕ್ಕೂ ಆಗಸ್ಟ್ 15 ಅಂತಲೇ ಇತ್ತು. ಮೌಂಟ್‌ಬ್ಯಾಟನ್ 14ರಂದು ಕರಾಚಿಗೆ ಹೋಗಿ ಅಲ್ಲಿನ ಸಂವಿಧಾನ ಸಭೆಯಲ್ಲಿ ಮಾತನಾಡಿ ದೆಹಲಿಗೆ ವಾಪಸಾದರು. ಪಾಕಿಸ್ತಾನ 1948ರ ಜುಲೈನಲ್ಲಿ ಹೊರತಂದ ಮೊದಲ ಸ್ಮರಣಾರ್ಥ ಅಂಚೆಚೀಟಿಗಳ ಮೇಲೆ ಸ್ವಾತಂತ್ರ್ಯದ ದಿನ ಅಂತ 1947ರ ಆಗಸ್ಟ್ 15 ಅಚ್ಚಾಗಿದೆ. ಆ ವರ್ಷದ ಹಬ್ಬ ಮಾತ್ರ ಆಗಸ್ಟ್ 14ಕ್ಕೆ ನಡೆಯಿತು, ಅಲ್ಲಿಂದ ಅದೇ ರೂಢಿಯಾಯಿತು. ಕಾನೂನಿನ ಪ್ರಕಾರ ಒಂದೇ ದಿನ ಹುಟ್ಟಿದ ಎರಡು ದೇಶಗಳು ಎರಡು ದಿನ ಹಬ್ಬ ಮಾಡುತ್ತವೆ. ಇನ್ನೊಂದೆಡೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ದೇಶಗಳು ಒಂದೇ ದಿನ ಹಬ್ಬ ಮಾಡುತ್ತವೆ. ತಾರೀಖು ಒಂದೇ ಆದ ಮಾತ್ರಕ್ಕೆ ಏನೂ ತೀರ್ಮಾನಿಸಬಾರದು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಜಪಾನ್ ಶರಣಾಗತಿ ಇನ್ನೂ ಕೆಲವು ಕಡೆ ಗುರುತು ಬಿಟ್ಟಿದೆ. ಇಂಡೊನೇಷ್ಯಾ ಎರಡೇ ದಿನದಲ್ಲಿ, ಅಂದರೆ ಆಗಸ್ಟ್ 17ರಂದು, ಸ್ವಾತಂತ್ರ್ಯ ಘೋಷಿಸಿಕೊಂಡಿತು. ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ನಿಂತಿದ್ದ ಅಮೆರಿಕದ ಯುದ್ಧನೌಕೆಯ ಮೇಲೆ ಶರಣಾಗತಿಯ ಕಾಗದಕ್ಕೆ ಸಹಿ ಬಿತ್ತು. ಅದೇ ದಿನ ಹನೋಯ್ ನಗರದಲ್ಲಿ ಹೊ ಚಿ ಮಿನ್ ವಿಯೆಟ್ನಾಮಿನ ಸ್ವಾತಂತ್ರ್ಯ ಘೋಷಿಸಿದರು. ಇವತ್ತಿಗೂ ವಿಯೆಟ್ನಾಮಿನ ರಾಷ್ಟ್ರೀಯ ದಿನ ಸೆಪ್ಟೆಂಬರ್ 2. ಇತ್ತ ಜಪಾನಿನಲ್ಲಿ ಆಗಸ್ಟ್ 15 ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಮಧ್ಯಾಹ್ನ 12ಕ್ಕೆ ಒಂದು ನಿಮಿಷ ಮೌನ ಇರುತ್ತದೆ. ಹಾಗಾಗಿ ತಾರೀಖು ಬೇರೆ ಇದ್ದರೂ ಇಂಡೊನೇಷ್ಯಾ ಮತ್ತು ವಿಯೆಟ್ನಾಂ ಕಾಂಗೊಗಿಂತ ಭಾರತಕ್ಕೆ ಹತ್ತಿರದ ನೆಂಟರು.

ಈಗ ಕಾಂಗೊ. ಆ ಹೆಸರಿನ ದೇಶ ಎರಡಿವೆ. ಇಲ್ಲಿ ಹೇಳುತ್ತಿರುವುದು ಬ್ರಾಜಾವಿಲ್ ರಾಜಧಾನಿಯಾಗಿರುವ, ಫ್ರೆಂಚರ ಆಳ್ವಿಕೆಯಲ್ಲಿದ್ದ ಕಾಂಗೊ ಗಣರಾಜ್ಯ. ಬೆಲ್ಜಿಯಂ ಕೈಯಲ್ಲಿದ್ದ ಇನ್ನೊಂದು ಕಾಂಗೊ 1960ರ ಜೂನ್ 30ರಂದು ಸ್ವತಂತ್ರವಾಯಿತು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಫ್ರಾನ್ಸ್ ಆಫ್ರಿಕಾದ ಎಂಟು ವಸಾಹತುಗಳನ್ನು ಬಿಟ್ಟುಕೊಟ್ಟಿತು. ತಾರೀಖುಗಳನ್ನು ಸಾಲಾಗಿ ಓದಿ ನೋಡಿ. 1ಕ್ಕೆ ದಾಹೋಮಿ (ಇಂದಿನ ಬೆನಿನ್), 3ಕ್ಕೆ ನೈಜರ್, 5ಕ್ಕೆ ಅಪ್ಪರ್ ವೋಲ್ಟಾ (ಇಂದಿನ ಬುರ್ಕಿನಾ ಫಾಸೊ), 7ಕ್ಕೆ ಐವರಿ ಕೋಸ್ಟ್. ನಡುವೆ ಸ್ವಲ್ಪ ಬಿಡುವು. ಮತ್ತೆ 11ಕ್ಕೆ ಚಾಡ್, 13ಕ್ಕೆ ಮಧ್ಯ ಆಫ್ರಿಕಾ ಗಣರಾಜ್ಯ, 15ಕ್ಕೆ ಕಾಂಗೊ, 17ಕ್ಕೆ ಗಬಾನ್. ದಿನ ಬಿಟ್ಟು ದಿನ! ಕೊನೆಯ ನಾಲ್ಕು ಸಮಾರಂಭಗಳಿಗೆ ಫ್ರಾನ್ಸ್ ಸರ್ಕಾರದ ಪರವಾಗಿ ಹೋದವರು ಸಚಿವ ಆಂದ್ರೆ ಮಾಲ್ರೋ. ಒಂದು ರಾಜಧಾನಿಯಲ್ಲಿ ಕಾರ್ಯಕ್ರಮ ಮುಗಿಸಿ ಇನ್ನೊಂದಕ್ಕೆ ತಲುಪಲು ನಡುವೆ ಒಂದು ದಿನ ಸಿಗುವ ಹಾಗೆ ಪಟ್ಟಿ ಇದೆ. ನನಗೆ ಇದು ಪಕ್ಕಾ ಟೂರ್ ಪ್ರೋಗ್ರಾಂ ಹಾಗೆಯೇ ಕಾಣುತ್ತದೆ. ಭಾರತಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಲಿಕ್ಟೆನ್‌ಸ್ಟೈನ್ ಕಥೆ ಇನ್ನೂ ಬೇರೆ. ಅದು ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವಿನ ಪುಟ್ಟ ರಾಜ್ಯ. ಕ್ಯಾಥೊಲಿಕ್ ಕ್ರೈಸ್ತರಿಗೆ ಆಗಸ್ಟ್ 15 ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬ. ಹೀಗಾಗಿ ಅಲ್ಲಿ ಅದು ಮೊದಲೇ ರಜೆಯ ದಿನ. ಆಗ ಆಳುತ್ತಿದ್ದ ಎರಡನೇ ಫ್ರಾನ್ಸ್ ಜೋಸೆಫ್ ಹುಟ್ಟಿದ್ದು ಆಗಸ್ಟ್ 16ಕ್ಕೆ. 1940ರಲ್ಲಿ ಎರಡನ್ನೂ ಸೇರಿಸಿ 15ನ್ನು ರಾಷ್ಟ್ರೀಯ ದಿನ ಮಾಡಿದರು. ರಾಜರು 1989ರಲ್ಲಿ ತೀರಿಕೊಂಡರು. ಆದರೆ ಜನರಿಗೆ ಆ ದಿನ ಒಗ್ಗಿಹೋಗಿತ್ತು. 1990ರಲ್ಲಿ ಕಾನೂನು ಮಾಡಿ ಅದನ್ನೇ ಉಳಿಸಿಕೊಂಡರು. ಮೇರಿ ಹಬ್ಬದ ಜೊತೆಗೆ ಹೊಂದಿಸಿದ ರಾಷ್ಟ್ರೀಯ ದಿನ ಇದೊಂದೇ ಅಲ್ಲ. ಕೆನಡಾದ ಪೂರ್ವ ಭಾಗದಲ್ಲಿ ಅಕೇಡಿಯನ್ನರು ಅಂತ ಫ್ರೆಂಚ್ ಮಾತಾಡುವ ಜನ ಇದ್ದಾರೆ. ಅವರು 1881ರಲ್ಲಿ ಸಭೆ ಸೇರಿ ಆಗಸ್ಟ್ 15ನ್ನು ತಮ್ಮ ರಾಷ್ಟ್ರೀಯ ದಿನವಾಗಿ ಆರಿಸಿದರು. ಅದಕ್ಕೂ ಹಿಂದೆ ಫ್ರಾನ್ಸಿನಲ್ಲಿ ನೆಪೋಲಿಯನ್ ತನ್ನ ಹುಟ್ಟುಹಬ್ಬವೂ ಅದೇ ದಿನ ಅನ್ನುವ ಕಾರಣಕ್ಕೆ 1806ರಿಂದ ಅದನ್ನು ರಾಷ್ಟ್ರದ ಹಬ್ಬ ಮಾಡಿಸಿದ್ದ.

ಬಹ್ರೇನ್ 1971ರ ಆಗಸ್ಟ್ 15ರಂದು ಬ್ರಿಟನ್ನಿನ ರಕ್ಷಣೆಯಿಂದ ಹೊರಬಂತು, ನಿಜ. ಆದರೆ ಅಲ್ಲಿ ರಾಷ್ಟ್ರೀಯ ದಿನ ಆಚರಿಸುವುದು ಡಿಸೆಂಬರ್ 16ಕ್ಕೆ, ದೊರೆ ಈಸಾ ಬಿನ್ ಸಲ್ಮಾನ್ ಪಟ್ಟಕ್ಕೆ ಬಂದ ನೆನಪಿನ ದಿನ. ಸ್ವಾತಂತ್ರ್ಯ ಬಂದ ದಿನ ಬೇರೆ, ಹಬ್ಬ ಮಾಡುವ ದಿನ ಬೇರೆ ಇರಬಹುದು. ಇಂಟರ್ನೆಟ್ ಪಟ್ಟಿಗಳು ಜಾಸ್ತಿ ಎಡವುವುದು ಇಲ್ಲೇ.

ಹಾಗಾದರೆ ಒಟ್ಟಾರೆ ಇದರಲ್ಲಿ ಕಾಕತಾಳೀಯದ ಪಾಲು ಎಷ್ಟು? ಲೆಕ್ಕ ಹಾಕಿ ನೋಡಬಹುದು. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ. ಪ್ರತಿ ದೇಶಕ್ಕೂ 365 ದಿನಗಳಲ್ಲಿ ಒಂದನ್ನು ಚೀಟಿ ಎತ್ತಿ ಕೊಟ್ಟೆವು ಅಂದುಕೊಳ್ಳಿ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತೇವೆ. ದಿನಗಳು ದೇಶಗಳಿಗಿಂತ ಹೆಚ್ಚಿವೆಯಲ್ಲ, ಎಲ್ಲರಿಗೂ ಬೇರೆ ಬೇರೆ ದಿನ ಸಿಗಬಹುದು ಅನ್ನಿಸುತ್ತದೆ ಅಲ್ವಾ? ಸಿಗುವುದಿಲ್ಲ. ಸರಾಸರಿ ಸುಮಾರು 150 ದಿನಗಳಷ್ಟೇ ಬಳಕೆಯಾಗುತ್ತವೆ. ಸುಮಾರು 80 ದೇಶಗಳಿಗೆ ತಾರೀಖು ಹಂಚಿಕೊಳ್ಳುವ ಇನ್ನೊಂದು ದೇಶ ಇದ್ದೇ ಇರುತ್ತದೆ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅನ್ನುವ ಲೆಕ್ಕ ನೀವು ಕೇಳಿರಬಹುದು. ಇದೂ ಅದೇ ಲೆಕ್ಕ. ಆದ್ದರಿಂದ ಎರಡು ದೇಶಗಳ ದಿನ ಒಂದೇ ಅಂತ ತಿಳಿದಾಗ ಅದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇರುವುದಿಲ್ಲ.

ಆದರೆ ನಿಜವಾದ ಕ್ಯಾಲೆಂಡರಿನಲ್ಲಿ ಚೀಟಿ ಎತ್ತುವವರಿಲ್ಲ. ಕೆಲವು ತಾರೀಖುಗಳ ಮೇಲೆ ಸರ್ಕಾರಗಳ ಕಣ್ಣು ಮೊದಲೇ ಬಿದ್ದಿರುತ್ತದೆ. ತಿಂಗಳ ಮೊದಲ ದಿನ, ವರ್ಷದ ಮೊದಲ ದಿನ, ಅರ್ಧ ವರ್ಷ ಶುರುವಾಗುವ ದಿನ. ಆಡಳಿತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಲೆಕ್ಕಪತ್ರಕ್ಕೆ ಇವು ಅನುಕೂಲ.

ಜುಲೈ 1 ಇದಕ್ಕೆ ಸರಿಯಾದ ಸಾಕ್ಷಿ. 1867ರಲ್ಲಿ ಕೆನಡಾ ಒಕ್ಕೂಟ ಜಾರಿಗೆ ಬಂದದ್ದು ಅಂದು. 1960ರಲ್ಲಿ ಸೊಮಾಲಿಯಾ ಸ್ವತಂತ್ರವಾದದ್ದು, ಘಾನಾ ಗಣರಾಜ್ಯವಾದದ್ದು ಅಂದೇ. 1962ರಲ್ಲಿ ರುವಾಂಡಾ ಮತ್ತು ಬುರುಂಡಿ ಒಟ್ಟಿಗೆ ಸ್ವತಂತ್ರವಾದವು. ಈ ಎರಡರ ನಡುವೆ ಮಾತ್ರ ನೇರ ಸಂಬಂಧ ಇದೆ. ಎರಡೂ ಬೆಲ್ಜಿಯಂ ನೋಡಿಕೊಳ್ಳುತ್ತಿದ್ದ ರುವಾಂಡಾ-ಉರುಂಡಿ ಅನ್ನುವ ಒಂದೇ ಪ್ರದೇಶದ ಭಾಗಗಳು. ಹಾಂಗ್‌ಕಾಂಗ್ 1997ರ ಜುಲೈ 1ಕ್ಕೆ ಚೀನಾಕ್ಕೆ ವಾಪಸಾಯಿತು. ಅದರ ಹಿಂದೆ ಇದ್ದದ್ದು 1898ರ ಗುತ್ತಿಗೆ ಪತ್ರ. 1898ರ ಜುಲೈ 1ರಿಂದ 99 ವರ್ಷಕ್ಕೆ ಬ್ರಿಟನ್ ಆ ನೆಲದ ಬಹುಭಾಗವನ್ನು ಗುತ್ತಿಗೆಗೆ ಪಡೆದಿತ್ತು. ಗುತ್ತಿಗೆ ಮುಗಿದದ್ದು 1997ರ ಜೂನ್ 30ರ ಮಧ್ಯರಾತ್ರಿ. ಆ ತಾರೀಖು ನೂರು ವರ್ಷಗಳ ಹಿಂದೆಯೇ ಕಾಗದದ ಮೇಲೆ ಕೂತಿತ್ತು.

ಒಂದೇ ದೇಶದೊಳಗೆ ಒಂದೇ ತಾರೀಖು ಎರಡು ಮುಖ ತೋರಿಸುವುದೂ ಉಂಟು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ನೋಡಿ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕದನದ ಮೊದಲ ದಿನ. ಬೋಮಾಂಟ್ ಹ್ಯಾಮೆಲ್ ಅನ್ನುವ ಹಳ್ಳಿಯ ಹತ್ತಿರ ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ಸುಮಾರು 800 ಜನ ಕಂದಕದಿಂದ ಎದ್ದು ಜರ್ಮನ್ ಮೆಷಿನ್ ಗನ್‌ಗಳ ಎದುರು ನಡೆದರು. ಮರುದಿನ ಬೆಳಿಗ್ಗೆ ಹಾಜರಿ ಕೂಗಿದಾಗ ಉತ್ತರ ಕೊಟ್ಟವರು 68 ಜನ. ಉಳಿದವರು ಸತ್ತಿದ್ದರು, ಗಾಯಗೊಂಡಿದ್ದರು ಅಥವಾ ಕಾಣೆಯಾಗಿದ್ದರು. ಆಗ ನ್ಯೂಫೌಂಡ್‌ಲ್ಯಾಂಡ್ ಕೆನಡಾದ ಭಾಗವಾಗಿರಲಿಲ್ಲ, ಸೇರಿದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಜುಲೈ 1 ಅಲ್ಲಿನ ಮನೆಮನೆಯ ದುಃಖದ ದಿನವಾಗಿತ್ತು. ಕೆನಡಾಗೆ ಅದೇ ಹುಟ್ಟುಹಬ್ಬದ ದಿನ. ಈಗ ಅಲ್ಲಿ ಬೆಳಿಗ್ಗೆ ಬಾವುಟ ಅರ್ಧಕ್ಕೆ ಇಳಿಸುತ್ತಾರೆ, ಅಂಗಿಗೆ ಸಣ್ಣ ನೀಲಿ ಹೂ ಸಿಕ್ಕಿಸಿಕೊಂಡು ಯುದ್ಧ ಸ್ಮಾರಕದ ಮುಂದೆ ಸೇರುತ್ತಾರೆ. ಮಧ್ಯಾಹ್ನದ ನಂತರ ಕೆನಡಾ ದಿನದ ಸಂಭ್ರಮ ಶುರು. ಇಷ್ಟು ನೇರವಾಗಿ ಒಂದು ದಿನವನ್ನು ದುಃಖಕ್ಕೂ ಸಂತೋಷಕ್ಕೂ ಪಾಲು ಮಾಡಿಕೊಂಡ ಜಾಗ ಇನ್ನೊಂದು ಇದ್ದರೆ ನನಗೆ ಕಂಡಿಲ್ಲ.

ಜನವರಿ 1ರ ತೊಂದರೆ ಬೇರೆ. ಆಡಳಿತಕ್ಕೆ ಅನುಕೂಲ, ಹಬ್ಬಕ್ಕೆ ಅನಾನುಕೂಲ. ಹೊಸ ವರ್ಷ ಅದನ್ನು ನುಂಗಿಬಿಡುತ್ತದೆ. ಸಮೋವಾ ಸ್ವತಂತ್ರವಾದದ್ದು 1962ರ ಜನವರಿ 1, ಆಚರಿಸುವುದು ಜೂನ್ 1ಕ್ಕೆ. ಬ್ರೂನೈ ಸ್ವತಂತ್ರವಾದದ್ದು 1984ರ ಜನವರಿ 1, ರಾಷ್ಟ್ರೀಯ ದಿನ ಫೆಬ್ರವರಿ 23. ಆದರೆ ಹೈಟಿ ಜಗ್ಗಲಿಲ್ಲ. ಗುಲಾಮರೇ ಎದ್ದು ಫ್ರೆಂಚ್ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಕಟ್ಟಿದ ದೇಶ ಅದು. ಅಂದು ಬೆಳಿಗ್ಗೆ ಹೈಟಿಯ ಮನೆಗಳಲ್ಲಿ ಕುಂಬಳಕಾಯಿಯ ಸೂಪ್ ಕುಡಿಯುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಆ ಸೂಪ್ ತಾವು ಮಾಡಿದರೂ ಕುಡಿಯುವ ಹಕ್ಕು ಒಡೆಯರಿಗೆ ಮಾತ್ರ ಇತ್ತು ಅನ್ನುವುದು ಅವರ ನೆನಪು. 2021ರಲ್ಲಿ ಯುನೆಸ್ಕೊ ಈ ಸೂಪ್ ಸಂಪ್ರದಾಯವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದೇ ಘಟನೆಯಿಂದ ಹಲವು ದೇಶಗಳಿಗೆ ಒಂದೇ ದಿನ ಬಂದಿರುವುದಕ್ಕೆ ಸ್ಪಷ್ಟ ಉದಾಹರಣೆ ಸೆಪ್ಟೆಂಬರ್ 15. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಐದಕ್ಕೂ ಅದು ಸ್ವಾತಂತ್ರ್ಯ ದಿನ. ಸ್ಪೇನ್ ಆಳ್ವಿಕೆಯಲ್ಲಿ ಇವೆಲ್ಲ ಒಂದೇ ಆಡಳಿತದ ಕೆಳಗಿದ್ದವು. 1821ರ ಸೆಪ್ಟೆಂಬರ್ 15ರಂದು ಗ್ವಾಟೆಮಾಲಾ ನಗರದಲ್ಲಿ ಒಂದು ಸಭೆ ಸ್ವಾತಂತ್ರ್ಯದ ಪತ್ರಕ್ಕೆ ಸಹಿ ಹಾಕಿತು. ಕೋಸ್ಟರಿಕಾ ಇದ್ದದ್ದು ತೀರಾ ದಕ್ಷಿಣದಲ್ಲಿ. ಸುದ್ದಿ ಹೋಗಬೇಕಾದದ್ದು ಕುದುರೆ, ಹೇಸರಗತ್ತೆಗಳ ದಾರಿಯಲ್ಲಿ. ಅದು ಕಾರ್ತಾಗೊ ಪಟ್ಟಣ ಮುಟ್ಟಿದ್ದು ಅಕ್ಟೋಬರ್ 13ಕ್ಕೆ. ಸುಮಾರು ಒಂದು ತಿಂಗಳ ಕಾಲ ಅಲ್ಲಿನ ಜನ ತಾವು ಸ್ವತಂತ್ರರು ಅಂತ ಗೊತ್ತಿಲ್ಲದೆಯೇ ಬದುಕಿದ್ದರು! ಕೋಸ್ಟರಿಕಾದವರು ತಮ್ಮದೇ ನಿರ್ಣಯ ಮಾಡಿದ್ದು ಅಕ್ಟೋಬರ್ 29ರಂದು. ಆದರೂ ಹಬ್ಬಕ್ಕೆ ಉಳಿದದ್ದು ಸೆಪ್ಟೆಂಬರ್ 15. ಈಗ ಪ್ರತಿ ವರ್ಷ ಗ್ವಾಟೆಮಾಲಾದಿಂದ ಒಂದು ಪಂಜು ಹೊರಡುತ್ತದೆ. ಶಾಲೆಯ ಮಕ್ಕಳು ಕೈಯಿಂದ ಕೈಗೆ ಕೊಡುತ್ತಾ ದೇಶದಿಂದ ದೇಶಕ್ಕೆ ಓಡಿಸಿಕೊಂಡು ಕಾರ್ತಾಗೊ ತಲುಪಿಸುತ್ತಾರೆ. 14ರ ಸಂಜೆ 6 ಗಂಟೆಗೆ ಕೋಸ್ಟರಿಕಾದ ಜನ ಎಲ್ಲಿದ್ದಾರೋ ಅಲ್ಲೇ ನಿಂತು ರಾಷ್ಟ್ರಗೀತೆ ಹಾಡುತ್ತಾರೆ. ಆಮೇಲೆ ಮಕ್ಕಳು ತಾವೇ ಮಾಡಿದ ದೀಪದ ಗೂಡು ಹಿಡಿದು ಮೆರವಣಿಗೆ ಹೊರಡುತ್ತಾರೆ.

ಇನ್ನು ಬೇಕೆಂತಲೇ ಹಳೆಯ ತಾರೀಖನ್ನು ಎತ್ತಿಕೊಳ್ಳುವ ರೂಢಿ. ಇದರಲ್ಲಿ ಆರಿಸಿದವರ ಮನಸ್ಸು ನೇರವಾಗಿ ಕಾಣುತ್ತದೆ. ಬೊಲಿವಿಯಾ 1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಿಸಿತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ ಹುನಿನ್ ಕದನದಲ್ಲಿ ಸ್ಪೇನ್ ಸೈನ್ಯ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರ್ ಪಡೆಗೆ ಸೋತಿತ್ತು. ಭಾರತದ ಗಣರಾಜ್ಯೋತ್ಸವವೂ ಇದೇ ಜಾತಿ. 1929ರ ಕೊನೆಗೆ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ದೇಶದ ಜನರೆಲ್ಲ ಪ್ರತಿಜ್ಞೆ ಮಾಡಲು ಜನವರಿಯ ಕೊನೆಯ ಭಾನುವಾರವನ್ನು ಗೊತ್ತು ಮಾಡಿದರು. 1930ರಲ್ಲಿ ಆ ಭಾನುವಾರ 26ಕ್ಕೆ ಬಿತ್ತು. ಮುಂದೆ ಪ್ರತಿ ವರ್ಷ ಜನವರಿ 26ನ್ನು ಸ್ವಾತಂತ್ರ್ಯ ದಿನವಾಗಿ ಆಚರಿಸಿದರು. ಕೊನೆಗೆ ಸ್ವಾತಂತ್ರ್ಯ ಬಂದದ್ದು ಆಗಸ್ಟಿನಲ್ಲಿ. ಹಾಗಂತ ಆ ದಿನವನ್ನು ಕೈಬಿಡಲಿಲ್ಲ. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿತ್ತು. ಕೆಲವು ವಿಧಿಗಳು ಆಗಲೇ ಜಾರಿಗೆ ಬಂದವು. ಉಳಿದದ್ದನ್ನು ಎರಡು ತಿಂಗಳು ತಡೆದು 1950ರ ಜನವರಿ 26ಕ್ಕೆ ಜಾರಿಗೆ ತಂದರು. ಹೊರಗಿನವರು ಆರಿಸಿದ ಆಗಸ್ಟ್ 15ರ ಪಕ್ಕದಲ್ಲಿ ತಾವೇ ಆರಿಸಿಕೊಂಡ ದಿನವೂ ಇರಲಿ ಅನ್ನುವುದು ಅದರಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚು ತೂಕದ ತಾರೀಖು ಇದೇ.

ಜನವರಿ 26 ಆಸ್ಟ್ರೇಲಿಯಾ ದಿನವೂ ಹೌದು. 1788ರಲ್ಲಿ ಆರ್ಥರ್ ಫಿಲಿಪ್ ಕೈದಿಗಳ ಹಡಗುಗಳೊಂದಿಗೆ ಬಂದು ಇಂದಿನ ಸಿಡ್ನಿಯಲ್ಲಿ ಬ್ರಿಟಿಷ್ ಬಾವುಟ ಹಾರಿಸಿದ ದಿನ. ಭಾರತಕ್ಕೂ ಇದಕ್ಕೂ ಸಂಬಂಧ ಇಲ್ಲ, ಶುದ್ಧ ಕಾಕತಾಳೀಯ. ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಮನಸ್ಸಿಗೆ ಚುರುಕು ಮುಟ್ಟುತ್ತದೆ. ಒಂದು ಕಡೆ ಬ್ರಿಟಿಷರ ಆಳ್ವಿಕೆ ಬೇಡ ಅಂದ ದಿನ. ಇನ್ನೊಂದು ಕಡೆ ಅದು ಶುರುವಾದ ದಿನ. ಆಸ್ಟ್ರೇಲಿಯಾದ ಮೂಲನಿವಾಸಿಗಳು 1938ರಲ್ಲೇ, ಅಂದರೆ 150ನೇ ವರ್ಷದ ಸಂಭ್ರಮದ ದಿನವೇ, ಸಿಡ್ನಿಯಲ್ಲಿ ಶೋಕದ ದಿನ ಆಚರಿಸಿ ಹಕ್ಕು ಕೇಳಿದರು. ಇವತ್ತಿಗೂ ಆ ದಿನ ದೊಡ್ಡ ಪ್ರತಿಭಟನೆಗಳಾಗುತ್ತವೆ, ದಿನ ಬದಲಾಯಿಸಿ ಅನ್ನುವ ಒತ್ತಾಯ ಕೇಳುತ್ತಲೇ ಇದೆ.

ಅಕ್ಟೋಬರ್ 12ರದ್ದೂ ಇಂಥದೇ ಕಥೆ. 1492ರಲ್ಲಿ ಕೊಲಂಬಸ್ ಅಮೆರಿಕದ ದ್ವೀಪ ಮುಟ್ಟಿದ ದಿನ. ಸ್ಪೇನ್ ದೇಶಕ್ಕೆ ಅದು ರಾಷ್ಟ್ರೀಯ ಹಬ್ಬ. ಆಫ್ರಿಕಾದ ಈಕ್ವಟೋರಿಯಲ್ ಗಿನಿ 1968ರಲ್ಲಿ ಸ್ಪೇನ್‌ನಿಂದ ಸ್ವತಂತ್ರವಾದದ್ದೂ ಅಕ್ಟೋಬರ್ 12ಕ್ಕೇ. ಹೀಗೆ ಸಾಮ್ರಾಜ್ಯದ ಹಬ್ಬ ಮತ್ತು ಅದರಿಂದ ಬಿಡುಗಡೆಯ ಹಬ್ಬ ಒಂದೇ ದಿನ. ವೆನೆಜುವೆಲಾ 2002ರಲ್ಲಿ ತಾರೀಖು ಹಾಗೆಯೇ ಇಟ್ಟುಕೊಂಡು ಅರ್ಥವನ್ನೇ ತಿರುಗಿಸಿತು. ಅಲ್ಲಿ ಈಗ ಅದು ಮೂಲನಿವಾಸಿಗಳ ಪ್ರತಿರೋಧದ ದಿನ.

ವಿಶ್ವಸಂಸ್ಥೆಯ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ಲೆಕ್ಕವಿಲ್ಲದಷ್ಟಿವೆ. ಒಂದನ್ನು ಮಾತ್ರ ನೋಡಿ. ಮಾರ್ಚ್ 21 ಜನಾಂಗೀಯ ತಾರತಮ್ಯ ನಿವಾರಣಾ ದಿನ. 1960ರಲ್ಲಿ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಕರಿಯರ ಮೇಲೆ ಗುಂಡು ಹಾರಿಸಿ 69 ಜನರನ್ನು ಕೊಂದ ನೆನಪು ಅದು. ದಕ್ಷಿಣ ಆಫ್ರಿಕಾದಲ್ಲಿ ಅಂದು ಮಾನವ ಹಕ್ಕುಗಳ ದಿನ, ಸರ್ಕಾರಿ ರಜೆ. ಆ ದೇಶದ ಹಿಡಿತದಿಂದ ನಮೀಬಿಯಾ ಹೊರಬಂದದ್ದೂ 1990ರ ಮಾರ್ಚ್ 21ಕ್ಕೆ. ಅದೇ ದಿನ ವಿಶ್ವ ಡೌನ್ ಸಿಂಡ್ರೋಮ್ ದಿನವೂ ಇದೆ. ಅದು ಬರೀ ಅಂಕಿಯಿಂದ ಬಂತು. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು ಡೌನ್ ಸಿಂಡ್ರೋಮ್. ಆದ್ದರಿಂದ ಮೂರನೇ ತಿಂಗಳಿನ 21.

ಇಲ್ಲಿ ಒಂದು ಎಚ್ಚರಿಕೆ. ಒಂದೇ ತಾರೀಖು ಅಂದರೆ ಒಂದೇ ಹೊತ್ತು ಅಲ್ಲ. ಪೆಸಿಫಿಕ್ ಸಾಗರದ ದ್ವೀಪ ದೇಶ ಕಿರಿಬಾಟಿಯ ಪೂರ್ವದ ದ್ವೀಪಗಳಲ್ಲಿ ಒಂದು ತಾರೀಖು ಶುರುವಾಗಿ ಭೂಮಿಯ ಮೇಲೆ ಎಲ್ಲೆಡೆ ಮುಗಿಯಲು ಸುಮಾರು 50 ಗಂಟೆ ಬೇಕು. ಇದರಿಂದ ಒಂದೇ ಘಟನೆ ಎರಡು ತಾರೀಖಾಗಿ ಒಡೆಯುತ್ತದೆ. 1945ರಲ್ಲಿ ಜರ್ಮನಿಯ ಶರಣಾಗತಿ ಜಾರಿಗೆ ಬಂದದ್ದು ಮೇ 8ರ ರಾತ್ರಿ 11 ದಾಟಿದ ಮೇಲೆ. ಆಗ ಮಾಸ್ಕೊದಲ್ಲಿ ಮೇ 9 ಆಗಿತ್ತು. ಆದ್ದರಿಂದ ಫ್ರಾನ್ಸ್ 8ಕ್ಕೆ, ರಷ್ಯಾ 9ಕ್ಕೆ ವಿಜಯ ದಿನ ಆಚರಿಸುತ್ತವೆ. ಪಂಚಾಂಗ ಬೇರೆಯಾದರೂ ಹೀಗೇ ಆಗುತ್ತದೆ. ಇಸ್ರೇಲ್ 1948ರ ಮೇ 14ರಂದು ಸ್ಥಾಪನೆಯಾಯಿತು. ಅವರು ಹಬ್ಬ ಮಾಡುವುದು ಹೀಬ್ರೂ ಪಂಚಾಂಗದ ಪ್ರಕಾರ, ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ಅಂಥ ದೇಶ ಇನ್ನೊಂದರ ಜೊತೆ ದಿನ ಹಂಚಿಕೊಂಡರೆ ಅದು ಆ ವರ್ಷದ ಮಟ್ಟಿಗಷ್ಟೇ.

ಕೊನೆಯದಾಗಿ, ದಿನ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಬದಲಾಯಿಸಬಹುದು, ಬದಲಾಯಿಸಿದ್ದಾರೆ. ಫಿಲಿಪ್ಪೀನ್ಸ್‌ಗೆ ಅಮೆರಿಕ ಸ್ವಾತಂತ್ರ್ಯ ಕೊಟ್ಟದ್ದು 1946ರ ಜುಲೈ 4, ಅಂದರೆ ತನ್ನದೇ ಸ್ವಾತಂತ್ರ್ಯ ದಿನದಂದು. ಕೊಟ್ಟವರ ಹಬ್ಬವೇ ಪಡೆದವರ ಹಬ್ಬವೂ ಆಗಿ 16 ವರ್ಷ ನಡೆಯಿತು. 1962ರಲ್ಲಿ ಅಧ್ಯಕ್ಷ ಮಕಪಗಾಲ್ ಅದನ್ನು ಜೂನ್ 12ಕ್ಕೆ ಬದಲಾಯಿಸಿದರು. 1898ರಲ್ಲಿ ಫಿಲಿಪ್ಪೀನ್ಸ್ ನಾಯಕ ಅಗಿನಾಲ್ಡೊ ಸ್ಪೇನ್ ವಿರುದ್ಧ ಹೋರಾಡುತ್ತಾ ತಾವೇ ಸ್ವಾತಂತ್ರ್ಯ ಘೋಷಿಸಿದ ದಿನ ಅದು. ಯಾರೋ ಕೊಟ್ಟ ದಿನಕ್ಕಿಂತ ನಾವೇ ಸಾರಿಕೊಂಡ ದಿನ ನಮ್ಮದು ಅನ್ನುವ ನಿರ್ಧಾರ. ನನಗೆ ಅದು ತುಂಬಾ ಸರಿ ಅನ್ನಿಸುತ್ತದೆ. ಸೈಪ್ರಸ್ ಬದಲಾಯಿಸಿದ್ದು ಹೆಚ್ಚು ಸದ್ದಿಲ್ಲದೆ. ಸ್ವತಂತ್ರವಾದದ್ದು 1960ರ ಆಗಸ್ಟ್ 16, ಆಚರಿಸುವುದು ಅಕ್ಟೋಬರ್ 1. ಹಾಗಾಗಿ ಅದು ಈಗ ಚೀನಾ ಮತ್ತು ನೈಜೀರಿಯಾ ಜೊತೆ ಒಂದೇ ಸಾಲಿನಲ್ಲಿ ಕಾಣುತ್ತದೆ.

ಆದರೆ ಜನ ಒಪ್ಪದಿದ್ದರೆ ಬದಲಾವಣೆ ಉಳಿಯುವುದಿಲ್ಲ. ಪೋಲೆಂಡ್ 1918ರ ನವೆಂಬರ್ 11ನ್ನು ಸ್ವಾತಂತ್ರ್ಯ ದಿನ ಅಂತ 1937ರಲ್ಲಿ ಕಾನೂನು ಮಾಡಿತು. ಯುದ್ಧದ ನಂತರ ಬಂದ ಕಮ್ಯುನಿಸ್ಟ್ ಸರ್ಕಾರ 1945ರಲ್ಲಿ ಅದನ್ನು ತೆಗೆದು ಜುಲೈ 22ನ್ನು ರಾಷ್ಟ್ರೀಯ ದಿನ ಮಾಡಿತು. 1989ರಲ್ಲಿ ನವೆಂಬರ್ 11 ವಾಪಸ್ ಬಂತು, ಮರುವರ್ಷ ಜುಲೈ 22 ಪಟ್ಟಿಯಿಂದ ಹೋಯಿತು. ಹಾಗಾಗಿ ಯಾವ ದೇಶದ ದಿನವನ್ನಾದರೂ ಖಚಿತಪಡಿಸಿಕೊಳ್ಳಬೇಕಿದ್ದರೆ ಆ ದೇಶದ ಸರ್ಕಾರ ಹೊರಡಿಸುವ ಈ ವರ್ಷದ ರಜಾ ಪಟ್ಟಿಯನ್ನೇ ನೋಡಿ. ಹಳೆಯ ವಿಶ್ವಕೋಶಗಳಲ್ಲಿ ಪೋಲೆಂಡಿಗೆ ಜುಲೈ 22 ಅಂತಲೇ ಇರುತ್ತದೆ.